201 ಅಂಕಿಗಳಲ್ಲಿ ಎಂಟೇ ಸಾಕು

ಮೊದಲು ಸಂಖ್ಯೆಯನ್ನು ನೋಡಿಬಿಡಿ. ಗಟ್ಟಿಯಾಗಿ ಓದುವ ಹಟ ಬೇಡ. ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿದರೆ ಅದು ಹೀಗಿದೆ:

916 748 676 920 039 158 098 660 927 585
380 162 483 106 680 144 308 622 407 126
516 427 934 657 040 867 096 593 279 205
767 480 806 790 022 783 016 354 924 852
380 335 745 316 935 111 903 596 577 547
340 075 681 688 305 620 821 016 129 132
845 564 805 780 158 806 771

ಒಟ್ಟು 67 ಗುಂಪು, 201 ಅಂಕಿ. ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 1977ರಲ್ಲಿ ಈ ಸಂಖ್ಯೆಯನ್ನು ಶಕುಂತಲಾ ದೇವಿಯವರ ಮುಂದಿಟ್ಟು ಇದರ 23ನೇ ಮೂಲ ಕೇಳಿದರು. ಅಂದರೆ, ಯಾವ ಸಂಖ್ಯೆಯನ್ನು 23 ಸಲ ಬರೆದು ಗುಣಿಸುತ್ತ ಹೋದರೆ ಕೊನೆಗೆ ಇದು ಬರುತ್ತದೆ? 50 ಸೆಕೆಂಡಿನಲ್ಲಿ ಉತ್ತರ ಸಿಕ್ಕಿತು: 54,63,72,891. ಅದು ಸರಿಯೇ ಎಂದು ನೋಡಲು ಯೂನಿವ್ಯಾಕ್ ಕಂಪ್ಯೂಟರಿಗೆ ಪ್ರತ್ಯೇಕ ಪ್ರೋಗ್ರಾಂ ಬರೆಯಬೇಕಾಯಿತು, ಅದಕ್ಕೆ ಹಿಡಿದದ್ದು 62 ಸೆಕೆಂಡು ಎಂದು ವರದಿಯಾಯಿತು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ, ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ಅಪ್ಪನ ಇಸ್ಪೀಟೆಲೆಗಳ ಜೊತೆ ಆಡುತ್ತಲೇ ಲೆಕ್ಕದ ಚುರುಕು ತೋರಿಸಿದ ಹೆಣ್ಣುಮಗಳು ಕಂಪ್ಯೂಟರನ್ನು 12 ಸೆಕೆಂಡಿನಿಂದ ಸೋಲಿಸಿದಳು ಎಂಬ ಕಥೆ ಅಲ್ಲಿಂದಾಚೆಗೆ ಲೆಕ್ಕವಿಲ್ಲದಷ್ಟು ಸಲ ಅಚ್ಚಾಗಿದೆ, 2020ರಲ್ಲಿ ಸಿನಿಮಾ ಕೂಡ ಆಯಿತು. ಕಥೆ ಹೇಳುವವರೆಲ್ಲ 50 ಸೆಕೆಂಡಿನ ಮೇಲೆ ಕಣ್ಣಿಟ್ಟರು. ಆ ಸಂಖ್ಯೆಯನ್ನು ಬಿಡಿಸಿ ನೋಡಿದವರು ಕಡಿಮೆ. ನೋಡಿದರೆ, ಅದು ಮೇಲ್ನೋಟಕ್ಕೆ ಹೆದರಿಸುವಷ್ಟು ಭಾರದ್ದಲ್ಲ.

ಪತ್ರಿಕೆಯಲ್ಲಿ ಇಷ್ಟುದ್ದದ ಸಂಖ್ಯೆ ಅಚ್ಚಾದಾಗ ಮೊದಲು ಏಳಬೇಕಾದ ಅನುಮಾನ ಒಂದಿದೆ: ಎಲ್ಲಾದರೂ ಒಂದಂಕಿ ತಪ್ಪಾಗಿದ್ದರೆ? ಇದಕ್ಕೆ ಪ್ರೈಮರಿ ಶಾಲೆಯ ಒಂಬತ್ತರ ಪರೀಕ್ಷೆ ಸಾಕಷ್ಟು ದೂರ ಒಯ್ಯುತ್ತದೆ. 201 ಅಂಕಿಗಳನ್ನೂ ಕೂಡಿದರೆ 882. ಅದರ ಅಂಕಿಗಳನ್ನು ಮತ್ತೆ ಕೂಡಿದರೆ 18, ಕೊನೆಗೆ 9. ಅಂದಮೇಲೆ ಸಂಖ್ಯೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದರೆ 0 ಇರುವಲ್ಲಿ 9 ಬಿದ್ದರೆ ಈ ಪರೀಕ್ಷೆ ಹಿಡಿಯುವುದಿಲ್ಲ. ಇನ್ನೂ ಬಿಗಿಯಾದದ್ದು ಬೇಕಿದ್ದರೆ ಮೇಲಿನ 67 ಗುಂಪುಗಳನ್ನು ಮೂರಂಕಿಯ ಸಂಖ್ಯೆಗಳೆಂದು ಎಣಿಸಿ ಕೂಡಿ. ಮೊತ್ತ 33,534. ಅದು 27 × 1,242. ಸಾವಿರವನ್ನು 27ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ (999 ಎಂದರೆ 27 × 37), ಹಾಗಾಗಿ ಗುಂಪುಗಳ ಮೊತ್ತ 27ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಆಗುತ್ತದೆ. ಭಾನುವಾರ ಪುರುಸೊತ್ತಿರುವ ಓದುಗರು ಪೆನ್ನು ಹಿಡಿದು ಕೂತರೆ ಅಚ್ಚಿನ ಕೆಲಸದವರ ಮೇಲೆ ಒಂದು ಕಣ್ಣಿಟ್ಟಂತಾಗುತ್ತದೆ.

27ರಿಂದ ಯಾಕೆ ಭಾಗವಾಗಬೇಕು? ಗುಟ್ಟು ಮೂಲದಲ್ಲಿದೆ. 546372891 ಎಂದು ಅಲ್ಪವಿರಾಮಗಳಿಲ್ಲದೆ ಬರೆದು ನಿಧಾನಕ್ಕೆ ನೋಡಿ. 1ರಿಂದ 9ರವರೆಗಿನ ಒಂಬತ್ತೂ ಅಂಕಿಗಳು ಒಂದೊಂದೇ ಸಲ ಬಂದಿವೆ. ಅವುಗಳ ಮೊತ್ತ 45, ಅಂದಮೇಲೆ 9ರಿಂದ ಭಾಗವಾಗಲೇಬೇಕು. ಇಲ್ಲಿ ಇನ್ನೂ ಒಂದು 3 ಹೆಚ್ಚಿಗೆ ಸಿಕ್ಕಿದೆ: 546372891 = 27 × 2,02,36,033. ಅದರ 23ನೇ ಘಾತದಲ್ಲಿ 3 ಎಂಬ ಅಪವರ್ತನ 69 ಸಲ ಅಡಗಿದೆ. 69 ಸಲ ಬಿಡದೆ ಮೂರರಿಂದ ಭಾಗಿಸುತ್ತ ಹೋದರೂ ಶೇಷ ಬಾರದ ಸಂಖ್ಯೆ ಇದು!

ಮೂಲದ ಅಂಕಿಗಳ ಕ್ರಮ ಇನ್ನೂ ಸ್ವಾರಸ್ಯವಾಗಿದೆ. 5ರಿಂದ ಶುರು. ಆಮೇಲೆ 4, 6. ಆಮೇಲೆ 3, 7. ಆಮೇಲೆ 2, 8. ಐದನ್ನು ನಡುವೆ ನಿಲ್ಲಿಸಿ ಒಂದು ಹೆಜ್ಜೆ ಕೆಳಗೆ, ಒಂದು ಹೆಜ್ಜೆ ಮೇಲೆ, ಎರಡು ಕೆಳಗೆ, ಎರಡು ಮೇಲೆ. ಪ್ರತಿ ಜೋಡಿಯ ಮೊತ್ತ ಹತ್ತು. ಈ ನಡಿಗೆಯ ಪ್ರಕಾರ ಕೊನೆಗೆ 1, 9 ಬರಬೇಕಿತ್ತು. ಬಂದಿರುವುದು 9, 1. ಕೊನೆಯ ಜೋಡಿ ಮಾತ್ರ ತಿರುಗಿ ನಿಂತಿದೆ. ಕಣ್ಣುಮುಚ್ಚಿ ಆರಿಸಿದ ಸಂಖ್ಯೆ ಹೀಗಿರುವುದಿಲ್ಲ. ಯಾರೋ ಕೂತು, ಅಂಕಿಗಳನ್ನು ಜೋಡಿಸಿ, ಅದನ್ನು 23ನೇ ಘಾತಕ್ಕೆ ಏರಿಸಿ ಪ್ರಶ್ನೆ ಸಿದ್ಧಪಡಿಸಿದ್ದಾರೆ. 201 ಅಂಕಿಗಳ ಆ ಗೊಂದಲದ ಹಿಂದೆ ಇದ್ದದ್ದು ಮನುಷ್ಯರ ಕೈಚಳಕ.

ಇಂಥ ಜೋಡಣೆಯ ಖುಷಿ ನಮ್ಮ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಹಿಂದಿನಿಂದಲೂ ಮುಂದಿನಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊರಳ ಹಾರಗಳೆಂದು ಕರೆದು ಪಟ್ಟಿ ಮಾಡಿದ. 2,79,94,681ನ್ನು 441ರಿಂದ ಗುಣಿಸಿದರೆ 12345654321 ಬರುವುದು ಅವುಗಳಲ್ಲೊಂದು. ಅದೇ ಗ್ರಂಥದಲ್ಲಿ ಅವನು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಡಲ್ಲಾಸಿನ ಸಂಖ್ಯೆಗೆ ಹೆಸರಿಡಬೇಕಿದ್ದರೆ ಇನ್ನೂ 177 ಹೆಸರು ಹುಡುಕಬೇಕಿತ್ತು.

ಇನ್ನು ಮೂಲ ತೆಗೆಯುವ ವಿಷಯ. ಹಿಂದೆ ಶಾಲಾ ಸಮಾರಂಭಗಳಲ್ಲಿ ಮೇಷ್ಟರು ಹುಡುಗರನ್ನು ಬೆರಗುಗೊಳಿಸಲು ಮಾಡುತ್ತಿದ್ದ ಘನಮೂಲದ ಆಟದಿಂದ ಹೊರಡೋಣ. ಒಬ್ಬ ಹುಡುಗ ಎರಡಂಕಿಯ ಸಂಖ್ಯೆಯೊಂದರ ಘನ ಕಂಡುಹಿಡಿದು 3,89,017 ಎಂದು ಹೇಳುತ್ತಾನೆ. ಮೇಷ್ಟರು ತಕ್ಷಣ 73 ಅನ್ನುತ್ತಾರೆ. ಬಿಡಿ ಸ್ಥಾನದಲ್ಲಿ 7 ಇದೆ. ಬಿಡಿ ಸ್ಥಾನದಲ್ಲಿ 3 ಇದ್ದರೆ ಮಾತ್ರ ಘನದ ಕೊನೆಗೆ 7 ಬರುತ್ತದೆ. ಹಿಂದಿನ ಮೂರಂಕಿ ತೆಗೆದರೆ ಉಳಿದದ್ದು 389. ಅದು 7ರ ಘನ 343ಕ್ಕೂ 8ರ ಘನ 512ಕ್ಕೂ ನಡುವೆ ಇದೆ. ಅಷ್ಟೇ, 73. ಗಮನಿಸಿ: ನಡುವಿನ ಅಂಕಿಗಳು ಏನು ಎಂದು ಮೇಷ್ಟರು ಕೇಳಿಸಿಕೊಳ್ಳಲೂ ಇಲ್ಲ.

201 ಅಂಕಿಯ ಸಂಖ್ಯೆಗೂ ಇದೇ ಎರಡು ಬಾಗಿಲು. ಒಂದು ಹಿಂದಿನದು, ಒಂದು ಮುಂದಿನದು.

ಹಿಂದಿನ ಬಾಗಿಲು ಮೊದಲು. ಯಾವ ಸಂಖ್ಯೆಯನ್ನೇ ಆಗಲಿ ಮತ್ತೆ ಮತ್ತೆ ಅದರಿಂದಲೇ ಗುಣಿಸುತ್ತ ಹೋದರೆ ಬಿಡಿ ಸ್ಥಾನದ ಅಂಕಿ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. 2, 4, 8, 6, ಮತ್ತೆ 2. 23ನ್ನು 4ರಿಂದ ಭಾಗಿಸಿದರೆ ಶೇಷ 3. ಹಾಗಾಗಿ ಬಿಡಿ ಅಂಕಿಯ ಮಟ್ಟಿಗೆ 23ನೇ ಘಾತವೂ ಘನವೂ ಒಂದೇ. 2 ಇದ್ದರೆ 8, 3 ಇದ್ದರೆ 7, 7 ಇದ್ದರೆ 3, 8 ಇದ್ದರೆ 2, ಉಳಿದವು ಇದ್ದಂತೆಯೇ. ನಮ್ಮ ಸಂಖ್ಯೆಯ ಕೊನೆಯ ಅಂಕಿ 1, ಆದ್ದರಿಂದ ಮೂಲದ ಕೊನೆಯ ಅಂಕಿಯೂ 1.

ಈಗ ಹತ್ತರ ಸ್ಥಾನ. ಅಲ್ಲಿರುವ ಅಂಕಿಯನ್ನು ‘ಅ’ ಎನ್ನೋಣ. ಮೂಲದ ಬಾಲ 10ಅ + 1. ಇದನ್ನು 23ನೇ ಘಾತಕ್ಕೆ ಏರಿಸಿದಾಗ ಬಾಲದ ಎರಡು ಅಂಕಿಗಳನ್ನು ತೀರ್ಮಾನಿಸುವುದು 1 + 230ಅ ಮಾತ್ರ, ಮಿಕ್ಕ ಪದಗಳಿಗೆಲ್ಲ ಕೊನೆಯಲ್ಲಿ ಎರಡು ಸೊನ್ನೆ ಇರುತ್ತದೆ. 230ರಲ್ಲಿ 200 ಬಿಟ್ಟರೆ 30. ಸಂಖ್ಯೆಯ ಕೊನೆ 71. ಅಂದರೆ 3ಅ ಎಂಬುದರ ಬಿಡಿ ಅಂಕಿ 7 ಆಗಬೇಕು. ಮೂರರ ಮಗ್ಗಿಯಲ್ಲಿ 7ರಿಂದ ಕೊನೆಯಾಗುವುದು ಮೂರೊಂಬತ್ಲಿ ಇಪ್ಪತ್ತೇಳು ಒಂದೇ. ಅ = 9. ಮೂಲದ ಕೊನೆ 91.

ನೂರರ ಸ್ಥಾನಕ್ಕೂ ಇದೇ ಉಪಾಯ. 91ರ 23ನೇ ಘಾತದ ಕೊನೆಯ ಮೂರಂಕಿ 371. ನಮಗೆ ಬೇಕಾದದ್ದು 771. ನೂರರ ಸ್ಥಾನದಲ್ಲಿ 4 ಕಡಿಮೆ ಬಿದ್ದಿದೆ. ಮೂರರ ಮಗ್ಗಿಯಲ್ಲಿ 4ರಿಂದ ಕೊನೆಯಾಗುವುದು ಮೂರೆಂಟ್ಲಿ ಇಪ್ಪತ್ನಾಲ್ಕು. ಆದ್ದರಿಂದ 8. ಮೂಲದ ಕೊನೆ 891. ಅದರ 23ನೇ ಘಾತ ಕೊನೆಯಾಗುವುದು 0771ರಿಂದ, ಬೇಕಾದದ್ದು 6771, ಸಾವಿರದ ಸ್ಥಾನದಲ್ಲಿ 6 ಕಡಿಮೆ. ಮೂರೆರಡ್ಲಿ ಆರು. ಮೂಲದ ಕೊನೆ 2891. ಹೀಗೇ ನಡೆದರೆ ಕೊನೆಯ ಒಂಬತ್ತು ಅಂಕಿಗಳನ್ನು ಇಟ್ಟುಕೊಂಡೇ ಒಂಬತ್ತಂಕಿಯ ಮೂಲವನ್ನು ಪೂರ್ತಿಯಾಗಿ ಕಟ್ಟಬಹುದು. ಮುಂದಿನ 192 ಅಂಕಿಗಳನ್ನು ಯಾರಾದರೂ ಅಳಿಸಿಹಾಕಿದ್ದರೂ ಉತ್ತರ ಬದಲಾಗದು.

ಈ ನಡಿಗೆ ಸರಾಗವಾಗಲು ಎರಡು ಸಂಗತಿ ಕೂಡಿಬರಬೇಕು. ಘಾತಕ್ಕೂ ಹತ್ತಕ್ಕೂ ಸಾಮಾನ್ಯ ಅಪವರ್ತನ ಇರಬಾರದು, ಮೂಲ 1, 3, 7 ಅಥವಾ 9ರಿಂದ ಕೊನೆಯಾಗಬೇಕು. ಮೂಲ ಸಮಸಂಖ್ಯೆಯಾದರೆ ಎರಡನೇ ಹೆಜ್ಜೆಯಲ್ಲೇ ದಾರಿ ಕವಲಾಗುತ್ತದೆ. 2ರ 23ನೇ ಘಾತ 83,88,608. 52ರ 23ನೇ ಘಾತವೂ 08ರಿಂದಲೇ ಮುಗಿಯುತ್ತದೆ. ಆಗ 02 ಇಟ್ಟುಕೊಳ್ಳಬೇಕೋ 52 ಇಟ್ಟುಕೊಳ್ಳಬೇಕೋ ಎಂದು ಹೇಳಲು ಬಾಲವೊಂದೇ ಸಾಲದು. ಲೆಕ್ಕದ ಪ್ರದರ್ಶನ ಕೊಡುವವರು ವರ್ಗಮೂಲ, ನಾಲ್ಕನೇ ಮೂಲ ಇಂಥವನ್ನು ಬಿಟ್ಟು 3, 7, 13, 23, 73 ಎಂಬ ಬೆಸ ಘಾತಗಳನ್ನೇ ಹೆಚ್ಚಾಗಿ ಹಿಡಿಯುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ. ವರ್ಗದ ಕೊನೆಗೆ 1 ಕಂಡರೆ ಮೂಲದಲ್ಲಿ 1 ಇತ್ತೋ 9 ಇತ್ತೋ? ಬೆಸ ಘಾತದಲ್ಲಿ ಆ ತಕರಾರೇ ಇಲ್ಲ.

ಮುಂದಿನ ಬಾಗಿಲಿಗೆ ಬರೋಣ. ಆರ್ಯಭಟ 499ರಲ್ಲೇ ವರ್ಗಮೂಲಕ್ಕೆ ಎರಡೆರಡು, ಘನಮೂಲಕ್ಕೆ ಮೂರು ಮೂರು ಸ್ಥಾನಗಳ ಲೆಕ್ಕದಲ್ಲಿ ನಡೆಯುವ ಕ್ರಮವನ್ನು ಹೇಳಿಟ್ಟಿದ್ದ. ಅದೇ ಜಾಡಿನಲ್ಲಿ ಹೋದರೆ 23ನೇ ಮೂಲಕ್ಕೆ ಬಲದಿಂದ 23 ಅಂಕಿಗಳ ಗುಂಪು ಮಾಡಬೇಕು. ಎಂಟು ಗುಂಪು ತುಂಬಿ ಮುಂದೆ 17 ಅಂಕಿ ಉಳಿಯುತ್ತದೆ. ಒಟ್ಟು ಒಂಬತ್ತು ಗುಂಪು, ಆದ್ದರಿಂದ ಮೂಲದಲ್ಲಿ ಒಂಬತ್ತು ಅಂಕಿ. ಮೊದಲ 17 ಅಂಕಿಯ ತುಂಡು 5ರ 23ನೇ ಘಾತಕ್ಕಿಂತ ದೊಡ್ಡದು, 6ರದಕ್ಕಿಂತ ಚಿಕ್ಕದು. ಮೊದಲ ಅಂಕಿ 5.

ಅಂಕಿಗಳ ಎಣಿಕೆಯೊಂದರಿಂದಲೇ ಇದಕ್ಕಿಂತ ಹೆಚ್ಚು ತಿಳಿಯುತ್ತದೆ. 23ನೇ ಘಾತಕ್ಕೆ ಸರಿಯಾಗಿ 201 ಅಂಕಿ ಬರಬೇಕಾದರೆ ಮೂಲ ಸುಮಾರು 49 ಕೋಟಿ 62 ಲಕ್ಷಕ್ಕೂ 54 ಕೋಟಿ 84 ಲಕ್ಷಕ್ಕೂ ನಡುವೆ ಇರಬೇಕು. ಕೊಟ್ಟ ಸಂಖ್ಯೆಯ ಮೊದಲ ಅಂಕಿ 9 ಎಂದು ಕಂಡ ಕೂಡಲೇ ಕೆಳಗಿನ ಅಂಚು 54 ಕೋಟಿ 59 ಲಕ್ಷಕ್ಕೆ ಏರುತ್ತದೆ. ಇನ್ನೂ ಲೆಕ್ಕ ಶುರುವಾಗಿಲ್ಲ, ಆಗಲೇ ಮೊದಲ ಎರಡಂಕಿ ಕೈಗೆ ಬಂತು.

ಮುಂದಕ್ಕೆ ಲಾಗರಿದಮ್ ಬೇಕು. ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ತಿರುವಿದವರಿಗೆ ಇದು ನೆನಪಿದ್ದೀತು. ಸಂಖ್ಯೆಯ ಮೊದಲ ನಾಲ್ಕಂಕಿ 9167 ಅಷ್ಟೇ ತೆಗೆದುಕೊಂಡರೆ ಲಾಗ್ 200.96223. ಅದನ್ನು 23ರಿಂದ ಭಾಗಿಸಿದರೆ 8.737488. ಅದರ ಆ್ಯಂಟಿಲಾಗ್ ಸುಮಾರು 54 ಕೋಟಿ 63 ಲಕ್ಷ 71 ಸಾವಿರದ ಚಿಲ್ಲರೆ. 9167ರ ಬದಲು 9168 ಎಂದಿಟ್ಟುಕೊಂಡರೂ 54 ಕೋಟಿ 63 ಲಕ್ಷ 74 ಸಾವಿರ ದಾಟಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಎರಡೂ ಕಡೆ ಮೊದಲ ಐದಂಕಿ 54637. ನಾಲ್ಕಂಕಿ ಕೊಟ್ಟು ಐದಂಕಿ ಪಡೆದಂತಾಯಿತು. ಇದು ಹೇಗೆ? 23ರಿಂದ ಭಾಗಿಸುವಾಗ ತಪ್ಪೂ 23ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಘಾತ ದೊಡ್ಡದಾದಷ್ಟೂ ಒರಟು ಅಂದಾಜು ಹೆಚ್ಚು ನಿಖರವಾಗುತ್ತ ಹೋಗುತ್ತದೆ.

ಈಗ ಎರಡನ್ನೂ ಕೂಡಿಸಿ. ಮುಂದಿನಿಂದ 54637, ಹಿಂದಿನಿಂದ 2891. ಸೇರಿದರೆ 546372891. ಮುಂದೆ ನಾಲ್ಕು, ಹಿಂದೆ ನಾಲ್ಕು, ಒಟ್ಟು ಎಂಟು ಅಂಕಿಗಳಲ್ಲಿ ಕೆಲಸ ಮುಗಿಯಿತು. 9167 ಎಂದು ಶುರುವಾಗುವ 201 ಅಂಕಿಯ 23ನೇ ಘಾತಗಳು ಸುಮಾರು 2,600 ಇವೆ. ಅವುಗಳಲ್ಲಿ 6771ರಿಂದ ಕೊನೆಯಾಗುವುದು ಇದೊಂದೇ. ನಡುವಿನ 193 ಅಂಕಿಗಳು ಸಭೆಯ ಕಣ್ಣು ಕೋರೈಸಲು ಇವೆ.

ಒಂದು ಷರತ್ತು ಮರೆಯುವಂತಿಲ್ಲ. ಕೊಟ್ಟಿರುವುದು ಪೂರ್ಣ 23ನೇ ಘಾತವೇ ಎಂದು ಮೊದಲೇ ನಂಬಿದ್ದರೆ ಮಾತ್ರ ಈ ಎಂಟಂಕಿಯ ದಾರಿ ನಡೆಯುತ್ತದೆ. 201 ಅಂಕಿಯ ಸಂಖ್ಯೆಗಳೊಳಗೆ ಪೂರ್ಣ 23ನೇ ಘಾತಗಳಿರುವುದು ಸುಮಾರು 5 ಕೋಟಿ 22 ಲಕ್ಷ ಮಾತ್ರ. 201 ಅಂಕಿಯ ಸಂಖ್ಯೆಗಳ ಒಟ್ಟು ಎಣಿಕೆಯೇ 201 ಅಂಕಿಯದು: 9ರ ಮುಂದೆ 200 ಸೊನ್ನೆ. ಹಾಗಾಗಿ ಮನಸ್ಸಿಗೆ ಬಂದ ಸಂಖ್ಯೆ ಬರೆದುಕೊಟ್ಟು ಇದರ ಮೂಲ ಹೇಳಿ ಎಂದರೆ ಸಿಗುವುದು ದಶಾಂಶಗಳ ಕೊನೆಯಿಲ್ಲದ ಬಾಲ. ಪ್ರಶ್ನೆ ಹಾಕುವವರು ಉತ್ತರದಿಂದ ಹೊರಟು ಸಂಖ್ಯೆಗೆ ಬಂದಿರುತ್ತಾರೆ. ಇನ್ನೊಂದು ಕಡೆ, ಕಂಪ್ಯೂಟರಿಗೆ ಒಪ್ಪಿಸಿದ್ದು ಉತ್ತರವನ್ನು ಖಚಿತಪಡಿಸುವ ಕೆಲಸ, ಖಚಿತಪಡಿಸಬೇಕಾದರೆ ನಡುವಿನ 193 ಅಂಕಿಗಳನ್ನೂ ತಾಳೆ ನೋಡಬೇಕು. ನಡುವೆ ಒಂದಂಕಿ ಕೆಟ್ಟಿದ್ದರೂ ಎಂಟಂಕಿಯ ದಾರಿ ಅದೇ ಉತ್ತರ ಕೊಡುತ್ತದೆ, ಕಂಪ್ಯೂಟರು ತಕರಾರು ತೆಗೆಯುತ್ತದೆ. 50 ಸೆಕೆಂಡು, 62 ಸೆಕೆಂಡು ಎಂದು ಅಕ್ಕಪಕ್ಕ ಬರೆದು ಗೆದ್ದವರು ಸೋತವರು ಎಂದು ಹೇಳುವುದು ಸುದ್ದಿಗೆ ಚೆಂದ, ಲೆಕ್ಕಕ್ಕೆ ಹೊಂದುವುದಿಲ್ಲ.

ಅಂಕಿಗಳ ಉದ್ದ ನೋಡಿ ಕಷ್ಟವನ್ನು ಅಳೆಯುವುದೂ ತಪ್ಪು ಅಳತೆಯೇ. ಇದೇ ಸಂಖ್ಯೆಗೆ ವರ್ಗಮೂಲ ಕೇಳಿದ್ದರೆ ದಶಾಂಶ ಬಿಂದುವಿನ ಮೊದಲೇ 101 ಅಂಕಿ ಹೇಳಬೇಕಿತ್ತು. 1976ರ ಆಗಸ್ಟ್ 27ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಡಚ್ ಗಣಕ ವಿಮ್ ಕ್ಲೈನ್ 500 ಅಂಕಿಯ ಸಂಖ್ಯೆಯ 73ನೇ ಮೂಲವನ್ನು 2 ನಿಮಿಷ 43 ಸೆಕೆಂಡಿನಲ್ಲಿ ಹೇಳಿದರು. ಕೇಳಲು ಡಲ್ಲಾಸಿಗಿಂತ ಭಾರಿ ಅನ್ನಿಸುತ್ತದೆ. ಆದರೆ 500 ಅಂಕಿಯ 73ನೇ ಮೂಲದಲ್ಲಿ ಇರುವುದು ಏಳೇ ಅಂಕಿ, ಅದೂ 68 ಲಕ್ಷದಿಂದ 71 ಲಕ್ಷದೊಳಗೆ. ಫ್ರಾನ್ಸಿನ ಅಲೆಕ್ಸಿಸ್ ಲೆಮೇರ್ 2007ರ ಡಿಸೆಂಬರಿನಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ 200 ಅಂಕಿಯ ಸಂಖ್ಯೆಯ 13ನೇ ಮೂಲವನ್ನು 70.2 ಸೆಕೆಂಡಿನಲ್ಲಿ ಹೇಳಿದ. ಸಂಖ್ಯೆ ಡಲ್ಲಾಸಿನದಕ್ಕಿಂತ ಒಂದಂಕಿ ಚಿಕ್ಕದು, ಮೂಲದಲ್ಲಿ ಮಾತ್ರ 16 ಅಂಕಿ. ಮುಂದಿನ ಬಾಗಿಲಿನಿಂದ ಎಂಟಂಕಿ, ಹಿಂದಿನಿಂದ ಎಂಟಂಕಿ ಎಂದು ಹಂಚಿಕೊಂಡರೂ ಹೊರೆ ಬಹಳ ಹೆಚ್ಚು. ಈ ಮೂರರಲ್ಲಿ ಕಠಿಣವಾದದ್ದು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಹಾಗೆಂದು ದಾರಿ ಗೊತ್ತಾದ ಮಾತ್ರಕ್ಕೆ ಯಾರು ಬೇಕಾದರೂ 50 ಸೆಕೆಂಡಿನಲ್ಲಿ ನಡೆಯಬಹುದು ಎಂದಲ್ಲ. 91ರ 23ನೇ ಘಾತದ ಬಾಲವನ್ನು ಕಾಗದವಿಲ್ಲದೆ ತೆಗೆಯಲು ಒಮ್ಮೆ ಕೂತು ನೋಡಿ. ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಶಕುಂತಲಾ ದೇವಿಯವರನ್ನು ಪರೀಕ್ಷಿಸಿ 1990ರಲ್ಲಿ ಪ್ರಬಂಧ ಪ್ರಕಟಿಸಿದರು. ಕೊಟ್ಟ ಲೆಕ್ಕಗಳಲ್ಲಿ 6,16,29,875ರ ಘನಮೂಲವೂ 17,08,59,375ರ ಏಳನೇ ಮೂಲವೂ ಇದ್ದವು. ಜೆನ್ಸನ್ ಪ್ರಶ್ನೆಯನ್ನು ತಮ್ಮ ಪುಸ್ತಕಕ್ಕೆ ನಕಲು ಮಾಡಿಕೊಳ್ಳುವಷ್ಟರಲ್ಲಿ 395, 15 ಎಂಬ ಉತ್ತರಗಳು ಬಂದಿದ್ದವು. ವಿಚಿತ್ರವೆಂದರೆ ದೀಪ ಹೊತ್ತಿದಾಗ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಉಳಿದವರಂತೆಯೇ ಇತ್ತು. ವೇಗ ಇದ್ದದ್ದು ಸಂಖ್ಯೆಗಳ ಒಡನಾಟದಲ್ಲಿ ಮಾತ್ರ.

ಅವರ ಸಾಧನೆಗಳಲ್ಲಿ ದೊಡ್ಡದು ಯಾವುದು ಎಂಬ ವಾದಕ್ಕೆ ಇಳಿದರೆ ನನ್ನ ಮತ ಡಲ್ಲಾಸಿಗಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಲ್ಲಿನ ಕಂಪ್ಯೂಟರ್ ವಿಭಾಗ ಯದ್ವಾತದ್ವಾ ಆರಿಸಿದ 13 ಅಂಕಿಗಳ ಎರಡು ಸಂಖ್ಯೆಗಳನ್ನು ಅವರು ಗುಣಿಸಿದರು: 7686369774870 ಮತ್ತು 2465099745779. ಉತ್ತರ 18947668177995426462773730, ಬೇಕಾದದ್ದು 28 ಸೆಕೆಂಡು. 26 ಅಂಕಿ ಎಂದರೆ 201ರ ಮುಂದೆ ಏನೂ ಅಲ್ಲ ಅನ್ನಿಸಬಹುದು. ಆದರೆ ಇಲ್ಲಿ ಅಂಕಿಗಳನ್ನು ಯಾರೂ ಅಂದವಾಗಿ ಜೋಡಿಸಿಟ್ಟಿರಲಿಲ್ಲ. ಹಿಂದಿನ ಬಾಗಿಲಿನಿಂದ ಬಾಲ ಸಿಗುತ್ತದೆ, ಮುಂದಿನಿಂದ ತಲೆ ಸಿಗುತ್ತದೆ, ನಡುವಿನದನ್ನು ತಂದುಕೊಡುವ ಮೂರನೇ ಬಾಗಿಲಿಲ್ಲ. 13ನ್ನು 13ರಿಂದ ಗುಣಿಸಿದರೆ 169. ಅಷ್ಟು ಮಗ್ಗಿಯ ಗುಣಾಕಾರಗಳೂ ಅವುಗಳ ದಶಕಗಳೂ ಸೇರಿ ಆಗುವ ಲೆಕ್ಕ ಅದು, ಅದರಲ್ಲಿ ಬಿಟ್ಟು ಮುಂದೆ ಹೋಗಬಹುದಾದ ಅಂಕಿ ಒಂದೂ ಇರಲಿಲ್ಲ.